ಎಡಗಡೆ ಸೀಟಿನ ಬಳೆ ಸದ್ದು

2022ರ ಚಳಿಗಾಲ. ನಾರಾಯಣಪುರದ ನೀರಾವರಿ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತನಾದ ಮೇಲೆ ನಾನು ಶಹಾಪುರದಲ್ಲಿ, ಸುರಪುರದ ರಸ್ತೆಗೆ ಮುಖ ಮಾಡಿ, ಒಂದು ಸಣ್ಣ ಗ್ಯಾರೇಜ್ ಹಾಕಿಕೊಂಡಿದ್ದೆ. ಬೋರ್ಡಿನ ಮೇಲೆ 'ಹಳೆಯ ಪೆಟ್ರೋಲ್ ಗಾಡಿಗಳ ರಿಪೇರಿ' ಎಂದಷ್ಟೇ ಬರೆಸಿದ್ದೆ. ಹೊಸ ಗಾಡಿಗಳ ಬಾನೆಟ್ ಎತ್ತಿದರೆ ಒಂದು ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ, ಅದರ ಕೆಳಗಿನದ್ದು ತಿಳಿಯಲು ಕಂಪ್ಯೂಟರ್ ಬೇಕು. ನನಗೆ ಕಂಪ್ಯೂಟರ್ ಬರುವುದಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ದಿನಕ್ಕೊಂದು ಹಳೆಯ ಜೀಪೋ ಕಾರೋ ಬಂದರೆ ನನ್ನ ಹೊತ್ತು ಹೋಗುತ್ತಿತ್ತು.

ಈ ಪ್ರಸಂಗವನ್ನು ಬರೆಯಬೇಕೋ ಬೇಡವೋ ಎಂದು ಬಹಳ ಕಾಲ ಹಿಂದೆಮುಂದೆ ನೋಡಿದೆ. ಕೆಲವರು ಇದನ್ನು ದೆವ್ವದ ಕಥೆ ಎಂದು ಓದುತ್ತಾರೆ, ಕೆಲವರು ಗಾಡಿಗೆ ಗ್ಯಾಸ್ಕೆಟ್ ಹಾಕಿದ ಕಥೆ ಎಂದು ಓದುತ್ತಾರೆ. ಕೆಲಸ ಮಾಡಿದವನು ನಾನೇ ಆದರೂ ಯಾವುದೆಂದು ಹೇಳಲು ನನಗೂ ಬಾಯಿ ಬರುವುದಿಲ್ಲ.

ಅಂದು ಬೆಳಿಗ್ಗೆ ಕೆನೆ ಬಣ್ಣದ ಹಳೆಯ ಅಂಬಾಸಿಡರ್ ಕಾರೊಂದು ಗ್ಯಾರೇಜಿನ ಮುಂದೆ ಬಂದು ನಿಂತಿತು. ಇಳಿದವರು ಮಲ್ಲಣ್ಣ ಸಾವಕಾರರು. ಸುರಪುರದ ಬಜಾರದಲ್ಲಿ ಅವರದು ಬೀಜ-ಗೊಬ್ಬರದ ಅಂಗಡಿ. ಮಾತು ಕಡಿಮೆ, ನಗುವುದು ಇನ್ನೂ ಕಡಿಮೆ. ಅವರು ಬಾಗಿಲು ಹಾಕುವಷ್ಟರಲ್ಲಿ ಸುರಪುರದ ಬಸ್ಸೂ ಬಂದು ನಿಂತಿತು. ಅದರಿಂದ ಏಳು ತಿಂಗಳ ಬಸುರಿ ಹೆಣ್ಣುಮಗಳೊಬ್ಬಳು ಕಂಬಿ ಹಿಡಿದುಕೊಂಡು ನಿಧಾನಕ್ಕೆ ಇಳಿದಳು. ಅವರ ಒಬ್ಬಳೇ ಮಗಳು ಭಾಗ್ಯ. ಕೊಟ್ಟದ್ದು ಯಾದಗಿರಿಗೆ. ಕುಬಸಕ್ಕೆಂದು, ಅಂದರೆ ಚೊಚ್ಚಲ ಬಸುರಿಗೆ ತವರಿನಲ್ಲಿ ಹಸಿರು ಬಳೆ ತೊಡಿಸುವ ಶಾಸ್ತ್ರಕ್ಕೆಂದು, ಸುರಪುರಕ್ಕೆ ಬಂದವಳು ಅಲ್ಲೇ ಉಳಿದಿದ್ದಳು.

"ಏನ್ರಿ ಸಾವಕಾರ್ರ, ಮಗಳಿಗೆ ಕಾರಿನ್ಯಾಗ ಜಾಗ ಸಾಲಲಿಲ್ಲೇನು?" ಎಂದು ತಮಾಷೆ ಮಾಡಿದೆ. ಇಬ್ಬರೂ ನಗಲಿಲ್ಲ. ಭಾಗ್ಯ ಕಾರಿನಿಂದ ದೂರಕ್ಕೆ, ಬೇವಿನ ಮರದ ಕೆಳಗೆ ಹೋಗಿ ನಿಂತಳು. ನಾನೇ ಅಲ್ಲಿಗೆ ಕುರ್ಚಿ ಒಯ್ದು ಕೊಟ್ಟೆ.

"ಕಾಕಾ, ಈ ಗಾಡಿ ಮಾರಾಕ ಅಪ್ಪಗ ಹೇಳ್ರಿ. ನೀವು ಹೇಳಿದ್ರ ಕೇಳ್ತಾನ" ಎಂದಳು.

ಅವಳು ಹೇಳಿದ್ದನ್ನು ಕ್ರಮವಾಗಿ ಬರೆಯುತ್ತೇನೆ. ತಾಯಿ ನೀಲಮ್ಮ ತೀರಿಕೊಂಡದ್ದು ಕೊರೊನಾದ ಲಾಕ್‌ಡೌನಿನಲ್ಲಿ. ಕೊರೊನಾದಿಂದ ಅಲ್ಲ, ಕಿಡ್ನಿ ಕಾಯಿಲೆಯಿಂದ. ಆದರೆ ರಸ್ತೆಗಳೆಲ್ಲ ಬಂದ್ ಆಗಿದ್ದವು. ಯಾದಗಿರಿಯಿಂದ ಸುರಪುರ ಎಷ್ಟರ ದೂರ! ಆದರೂ ಮಗಳಿಗೆ ಬರಲಾಗಲಿಲ್ಲ. ತಾಯಿಯ ಮುಖವನ್ನು ಕೊನೆಯ ಸಲ ಫೋನಿನ ಪರದೆಯಲ್ಲಿ ನೋಡಿದಳು. ನೀಲಮ್ಮ ಮದುವೆಯಾದಾಗಿನಿಂದ ಆ ಕಾರಿನ ಎಡಗಡೆ ಸೀಟು ಅವರದು. ಗಂಡ ಹುಣಸಗಿಯ ಸಂತೆಗೆ ಹೊರಟರೂ, ಕಕ್ಕೇರಾದಲ್ಲಿದ್ದ ಅವರ ತಮ್ಮನ ಮನೆಗೆ ಹೊರಟರೂ, ಕೈತುಂಬ ಹಸಿರು ಗಾಜಿನ ಬಳೆ ತೊಟ್ಟು ಪಕ್ಕದಲ್ಲಿ ಕೂತು ಹೋಗುತ್ತಿದ್ದರು. ಅವರು ಸತ್ತ ಮೇಲೆ ಆ ಸೀಟಿನಲ್ಲಿ ಯಾರೂ ಕೂತಿರಲಿಲ್ಲ. ಮೊದಲು ಕೂತದ್ದು ಭಾಗ್ಯ, ಕುಬಸಕ್ಕೆ ಯಾದಗಿರಿಯಿಂದ ಅಪ್ಪನ ಜೊತೆ ಬರುವಾಗ.

"ಥಂಡಿ ಅಂತ ಕಿಟಕಿ ಏರಿಸಿದ್ವಿ, ಶಹಾಪುರ ದಾಟೂದರಾಗ ತಲಿ ಭಾರ ಆತ್ರಿ. ಎದಿ ಒತ್ತಿ ಹಿಡದಂಗಾತು. ಕಾಲ ಹತ್ತರ ಯಾರೋ ಬೆಚ್ಚಗ ಉಸರು ಬಿಟ್ಟಂಗಾತು. ಆಮ್ಯಾಲ ಬಳಿ ಆವಾಜ ಕೇಳಿತ್ರಿ ಕಾಕಾ, ಅವ್ವನ ಬಳಿ. ಮುಂದಿಂದು ನನಗ ನೆನಪಿಲ್ಲ."

ಸುರಪುರ ಮುಟ್ಟುವ ಮೊದಲೇ ಅವಳಿಗೆ ಎಚ್ಚರ ತಪ್ಪಿತ್ತು. ಮನೆಯಲ್ಲಿ ಮಲ್ಲಣ್ಣನವರ ಅಕ್ಕ ಇದ್ದರು. ಅವರು ಎರಡು ಮಾತು ಹೇಳಿದರು. ನೀಲಮ್ಮ ಮಗಳ ಮುಖ ನೋಡದೆ ಹೋದಾಕೆ, ಆ ಸಿಟ್ಟು ತೀರಿಲ್ಲ, ಅದಕ್ಕೆ ಮಗಳ ಹೊಟ್ಟೆಯ ಕೂಸನ್ನು ಕೇಳುತ್ತಿದ್ದಾಳೆ ಎಂಬುದು ಒಂದು. ಗಾಡಿ ಹೊರಡುವ ಮೊದಲು ಒಳಗೆ ಸಾಂಬ್ರಾಣಿಯಂಥ ಲೋಬಾನದ ಹೊಗೆ ಹಾಕಿ, ಕಿಟಕಿ ಏರಿಸಿ, ಹೊಗೆ ಹೊರಗೆ ಹೋಗದಂತೆ ಒಯ್ಯಬೇಕು ಎಂಬುದು ಇನ್ನೊಂದು. ನಮ್ಮ ಕಡೆ ಹಿಂದೂಗಳ ಮನೆಗಳಲ್ಲೂ ಲೋಬಾನ ಹೊಸದಲ್ಲ. ಬಾಣಂತಿಯ ಕೋಣೆಗೆ ಹಾಕುತ್ತಾರೆ, ಅಮಾವಾಸ್ಯೆಗೆ ಅಂಗಡಿಗೆ ಹಾಕುತ್ತಾರೆ, ದೃಷ್ಟಿಯಾದ ಕೂಸಿಗೆ ಹಾಕುತ್ತಾರೆ. ಹಾಗೆಯೇ ಲೋಬಾನ ಹಾಕಿ, ಕಿಟಕಿ ಮುಚ್ಚಿ, ಭಾಗ್ಯಳನ್ನು ತಪಾಸಣೆಗೆ ಕರೆದೊಯ್ದರು. ಈ ಸಲ ಅವಳು ಇನ್ನೂ ಬೇಗ ಪ್ರಜ್ಞೆ ತಪ್ಪಿದಳು. ಅಂದಿನಿಂದ ಅವಳು ಆ ಕಾರು ಹತ್ತಿರಲಿಲ್ಲ.

"ಅವ್ವ ನನ್ನ ಕೂಸಿನ್ನ ಕೇಳಾಕತ್ಯಾಳಂತ್ರಿ" ಎಂದಳು. ಅಳಲಿಲ್ಲ. ಹೊಟ್ಟೆಯ ಮೇಲಿಟ್ಟ ಕೈಯನ್ನು ಮಾತ್ರ ತೆಗೆಯಲಿಲ್ಲ.

ಹೆತ್ತ ತಾಯಿಗೆ ಹೆದರಿಕೊಂಡು ಬಸುರಿಯೊಬ್ಬಳು ಮರದ ಕೆಳಗೆ ಕೂತಿದ್ದಾಳೆ, ಹತ್ತು ಮಾರು ಆಚೆ ಆ ಕಾರು ನಿಂತಿದೆ. ಮಲ್ಲಣ್ಣನವರ ಕಡೆ ನೋಡಿದೆ. ಅವರು ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ರಸ್ತೆ ನೋಡುತ್ತಿದ್ದರು. ಮಗಳ ಹಟಕ್ಕೆ ಗಾಡಿ ತಂದಿದ್ದರೂ ಅವರಿಗೆ ಅದನ್ನು ಮಾರುವ ಮನಸ್ಸಿಲ್ಲ ಎಂಬುದಷ್ಟೇ ತಿಳಿಯಿತು.

ನನಗೆ ಕೆಲಸ ಕಲಿಸಿದವರು ಖಾದರ್ ಉಸ್ತಾದರು. ತೀರಿಕೊಂಡು ಬಹಳ ವರ್ಷಗಳಾದವು. ಗಾಡಿಯ ಬೇನೆ ಹಿಡಿಯಬೇಕಾದರೆ ಅದನ್ನು ಮಾಲೀಕ ಹೇಗೆ ಓಡಿಸುತ್ತಾನೋ ಹಾಗೇ ಓಡಿಸಿ ನೋಡಬೇಕು, ನಮ್ಮ ಚಾಲಾಕಿ ಅಲ್ಲಿ ತೋರಿಸಬಾರದು ಎಂಬುದು ಅವರ ಪಾಠ. ಅದರಂತೆ ನಾನು ಮಲ್ಲಣ್ಣನವರಿಗೆ, ದಿನಾ ಏನೇನು ಮಾಡುತ್ತೀರೋ ಅದನ್ನೆಲ್ಲ ಮಾಡಿ, ನಾನು ಪಕ್ಕದಲ್ಲಿ ಕೂರುತ್ತೇನೆ ಎಂದೆ. ಅವರು ಹಿಂದಿನ ಸೀಟಿನ ಕೆಳಗಿನಿಂದ ಮಣ್ಣಿನ ಧೂಪದ ಬಟ್ಟಲು ತೆಗೆದರು, ನನ್ನ ಒಲೆಯಿಂದ ಕೆಂಡ ತಗೊಂಡು ಲೋಬಾನ ಉದುರಿಸಿ ಒಳಗಿಟ್ಟು ಬಾಗಿಲು ಹಾಕಿದರು. ಗಾಜಿನ ಹಿಂದೆ ಹೊಗೆ ಬೆಳ್ಳಗೆ ತುಂಬಿತು. ಬಟ್ಟಲು ಹೊರಗಿಟ್ಟು, ಅಷ್ಟರಲ್ಲಿ ಆರಿ ತಣ್ಣಗಾಗಿದ್ದ ಇಂಜಿನ್ನಿನ ಕೀಲಿ ತಿರುಗಿಸಿದರು.

ಆಗ ನಾನೂ ಕೇಳಿದೆ. ಇಂಜಿನ್ನಿನ ಸದ್ದಿನ ಕೆಳಗೆ, ಎಡಗಡೆಯಿಂದ, ಕಿಣಿ ಕಿಣಿ ಎಂದು ಗಾಜಿನ ಬಳೆ ಬಡಿದ ಸದ್ದು. ಮರದ ಕೆಳಗಿದ್ದ ಭಾಗ್ಯ ಎದ್ದು ಮುಖ ತಿರುಗಿಸಿ ನಿಂತಳು.

"ಆ ಸೀಟು ಬ್ಯಾಡ್ರಿ ಮಿಸ್ತ್ರಿ, ಹಿಂದ ಕೂಡ್ರಿ" ಎಂದರು ಮಲ್ಲಣ್ಣ.

"ಹಿಂದ ಕೂತ್ರ ಬ್ಯಾನಿ ಹೆಂಗ ತಿಳೀಬೇಕ್ರಿ?" ಎಂದು ಎಡಗಡೆಯೇ ಕೂತೆ.

ಹತ್ತಿಗೂಡೂರಿನ ಕಡೆ ಹೊರಟೆವು. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಕೊಯ್ದ ಭತ್ತದ ಗದ್ದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಳೆಯ ಸದ್ದು ಸಣ್ಣಗಾಗಿ ನಿಂತೇಹೋಯಿತು. ಮೂಗಿನ ತುಂಬ ಲೋಬಾನ, ಬೇರೆ ಯಾವ ವಾಸನೆಯೂ ಇಲ್ಲ. ಪಾದದ ಮೇಲೆ ಮಾತ್ರ ಬೆಚ್ಚಗೆ ಏನೋ ತಗಲುತ್ತಿತ್ತು. ಭಾಗ್ಯ ಹೇಳಿದ್ದು ಖರೆ, ಯಾರೋ ಕಾಲ ಬಳಿ ಬಗ್ಗಿ ಉಸಿರು ಬಿಟ್ಟ ಹಾಗೆಯೇ ಇತ್ತು. ಹತ್ತಿಗೂಡೂರು ಕ್ರಾಸ್‌ನಿಂದ ತಿರುಗಿ ಬರುವಾಗ ನನ್ನ ತಲೆಗೆ ಹಗ್ಗ ಬಿಗಿದಂತಾಯಿತು. ಕಣ್ಣೆಳೆಯತೊಡಗಿತು. ನಿದ್ದೆ ಬರುತ್ತಿದೆಯೋ, ವಾಕರಿಕೆ ಬರುತ್ತಿದೆಯೋ ತಿಳಿಯಲಿಲ್ಲ.

ಏರಿನಲ್ಲಿ ಗಾಡಿ ಭಾರ ಎಳೆಯುವಾಗ ಬಳೆ ಮತ್ತೆ ಕಿಣಿಗುಟ್ಟಿತು. ಮಲ್ಲಣ್ಣನವರತ್ತ ಹೊರಳಿ ನೋಡಿದೆ. ಅವರ ಕಣ್ಣು ಅರ್ಧ ಮುಚ್ಚಿದ್ದವು. ತುಟಿಯ ಮೇಲೆ ನಗು ಇತ್ತು. ಆ ಮನುಷ್ಯ ನಗುವುದನ್ನು ನಾನು ಕಂಡದ್ದೇ ಇಲ್ಲ. ಅವರ ಎಡಮೊಣಕೈ, ಪಕ್ಕದವರಿಗೆ ಜಾಗ ಬಿಡುವಂತೆ, ಮೆಲ್ಲಗೆ ಒಳಕ್ಕೆ ಸರಿಯಿತು. ಆದರೆ ಅವರ ಪಕ್ಕದಲ್ಲಿ ಕೂತವನು ನಾನು, ನನಗೂ ಅವರಿಗೂ ನಡುವೆ ಬೇಕಾದಷ್ಟು ಜಾಗ ಇತ್ತು.

ಆಗ ನನ್ನ ಕಿವಿಯ ಹಿಂದೆ ಒಂದು ದನಿ ನನ್ನ ಹೆಸರು ಹಿಡಿದು, "ಅರೇ ಹಣಮಂತ, ಮೊದಲ ಕೆಳಗ ಇಳಿಯೋ" ಎಂದಿತು.

ಖಾದರ್ ಉಸ್ತಾದರ ದನಿ. ಬೀಡಿ ಸೇದಿ ಒಡೆದ ಅದೇ ಗಂಟಲು. ನಾನು ಹಿಂದೆ ತಿರುಗಲಿಲ್ಲ. ತಿರುಗುವ ಧೈರ್ಯ ಇರಲಿಲ್ಲ. "ನಿಲ್ಲಸ್ರಿ, ಗಾಡಿ ನಿಲ್ಲಸ್ರಿ!" ಎಂದು ಒದರಿದೆ. ಮಲ್ಲಣ್ಣ ಒಲ್ಲದ ಮನಸ್ಸಿನಿಂದ ಕಾಲುವೆಯ ಸೇತುವೆಯ ಬಳಿ ನಿಲ್ಲಿಸಿದರು. ನಾನು ಬಾಗಿಲು ತೆಗೆದು ಹೊರಗೆ ಬಿದ್ದೆ ಎನ್ನಬೇಕು, ಇಳಿದೆ ಎನ್ನುವ ಹಾಗಿರಲಿಲ್ಲ. ಸೇತುವೆಯ ಕಟ್ಟೆ ಹಿಡಿದು ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಂಡೆ. ಅವರು ಇನ್ನೂ ಸ್ಟೇರಿಂಗ್ ಹಿಡಿದು ಕೂತೇ ಇದ್ದರು. ಆಚೆ ಬದಿಗೆ ಹೋಗಿ ಅಂಗಿ ಹಿಡಿದು ಎಳೆದು ಇಳಿಸಿದೆ.

ಇಬ್ಬರೂ ಕಟ್ಟೆಯ ಮೇಲೆ ಕೂತೆವು. ಕಾಲುವೆಯ ನೀರಿನ ಮೇಲಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಮಲ್ಲಣ್ಣ, "ನಿಮಗೂ ಕೇಳಿಸ್ತೇನ್ರಿ?" ಎಂದರು.

"ಏನು?"

"ಬಳಿ."

"ಕೇಳಿಸ್ತು" ಎಂದೆ. ಉಸ್ತಾದರ ವಿಷಯ ಹೇಳಲಿಲ್ಲ.

ನಾನು ಹೆದರಿದ್ದೆ. ಹಾಡಹಗಲು, ಲಾರಿ ಬಸ್ಸು ಓಡಾಡುವ ರಸ್ತೆಯಲ್ಲಿ, ಹೆದರಿದ್ದೆ. ಆದರೆ ಗಾಳಿ ಬಡಿದಂತೆ ತಲೆಯೊಳಗಿನ ಬಿಗಿತ ಸಡಿಲವಾಯಿತು, ಅದರ ಜೊತೆಗೇ ಮೆಕ್ಯಾನಿಕ್ ಬುದ್ಧಿಯೂ ತಿರುಗಿ ಬಂತು. ತಲೆನೋವು, ವಾಕರಿಕೆ, ನಿದ್ದೆ, ಮುಚ್ಚಿದ ಕಿಟಕಿ. ಕಾಲ ಬಳಿ ಬೆಚ್ಚನೆಯ ಗಾಳಿ. ಹೊರಗೆ ಬಂದರೆ ಆರಾಮ. ವರ್ಕ್‌ಶಾಪಿನಲ್ಲಿ ಶಟರ್ ಇಳಿಸಿ ಇಂಜಿನ್ ಚಾಲೂ ಇಡಬಾರದು ಎಂದು ನಾವು ಹೊಸಬರಿಗೆ ಮೊದಲ ದಿನವೇ ಹೇಳುತ್ತಿದ್ದೆವು. ಅದೇ ಕಾರಣ ಇಲ್ಲೂ ಕೂತಿತ್ತು. ನಾಲ್ಕೂ ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿಕೊಂಡು, ನಾನೇ ಗಾಡಿ ಹೊಡೆದುಕೊಂಡು ಬಂದೆ.

ಓದುಗರಿಗೆ ಸ್ವಲ್ಪ ವಿವರಿಸಬೇಕು. ಇಂಜಿನ್ನಿನೊಳಗೆ ಪೆಟ್ರೋಲ್ ಸುಟ್ಟು ಬಂದ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಪೈಪಿಗೆ ಕಳಿಸುವ ಬೀಡು ಕಬ್ಬಿಣದ ಭಾಗಕ್ಕೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎನ್ನುತ್ತಾರೆ. ಅದು ಇಂಜಿನ್ನಿಗೆ ಕೂಡುವ ಜಾಗದಲ್ಲಿ ಹೊಗೆ ಸೋರದಂತೆ ನಡುವೆ ಒಂದು ತೆಳ್ಳನೆಯ ಹಾಳೆ ಇರುತ್ತದೆ. ಪುಸ್ತಕದಲ್ಲಿ ಅದು ಗ್ಯಾಸ್ಕೆಟ್, ನಮ್ಮ ಬಾಯಲ್ಲಿ ಪ್ಯಾಕಿಂಗ್. ಅದು ಸುಟ್ಟುಹೋದರೆ ಹೊಗೆ ಸೈಲೆನ್ಸರಿಗೆ ಹೋಗದೆ ಬಾನೆಟ್ಟಿನೊಳಗೇ ಸೋರುತ್ತದೆ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಗಾಳಿ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತ ಸೇರಿ ಮನುಷ್ಯನನ್ನು ಮೆಲ್ಲಗೆ ಮಲಗಿಸುತ್ತದೆ. ಬಸುರಿಯಾದರೆ ಹೊಟ್ಟೆಯ ಕೂಸಿಗೆ ತಾಯಿಗಿಂತ ಹೆಚ್ಚು ಅಪಾಯ. ಸಾಮಾನ್ಯವಾಗಿ ಅದರ ಜೊತೆಗೆ ಬರುವ ಸುಟ್ಟ ಹೊಗೆಯ ಘಾಟು ನಮ್ಮನ್ನು ಎಚ್ಚರಿಸುತ್ತದೆ. ಇಲ್ಲಿ ಆ ಘಾಟನ್ನು ಲೋಬಾನ ನುಂಗಿತ್ತು, ಹೊರಗೆ ಹೋಗಬೇಕಾದ ಗಾಳಿಯನ್ನು ಕಿಟಕಿ ತಡೆದಿತ್ತು. ರಕ್ಷಣೆಗೆಂದು ಮಾಡಿದ ಎರಡೂ ಕೆಲಸ ಆ ಹುಡುಗಿಯನ್ನು ಸಾವಿನ ಹತ್ತಿರ ಒಯ್ದಿದ್ದವು.

ಬಾನೆಟ್ ಎತ್ತಿದೆ. ಅಂಬಾಸಿಡರ್‌ನ ಈ ಪೆಟ್ರೋಲ್ ಇಂಜಿನ್ನಿನಲ್ಲಿ ಮ್ಯಾನಿಫೋಲ್ಡ್ ಇರುವುದು ಎಡಗಡೆ, ಸರಿಯಾಗಿ ಪಕ್ಕದ ಸೀಟಿನ ಮುಂದೆ. ಅದರ ಹಿಂದಿನ ತುದಿಯಲ್ಲಿ ಕಪ್ಪು ಮಸಿ ಹಿಡಿದಿತ್ತು. ಸ್ವಲ್ಪ ಆರಿದ ಮೇಲೆ ಸಾಬೂನು ನೀರು ಹಚ್ಚಿ ಸ್ಟಾರ್ಟ್ ಮಾಡಿಸಿದರೆ ಬುಳುಬುಳು ಗುಳ್ಳೆ. ಇಂಜಿನ್ನಿಗೂ ಒಳಗಿನ ಜಾಗಕ್ಕೂ ನಡುವಿನ ತಗಡಿನಲ್ಲಿ, ಯಾರೋ ಹಿಂದೊಮ್ಮೆ ಏಸಿ ಕೂರಿಸಿ ತೆಗೆದ ಪೈಪಿನ ತೂತುಗಳು ಹಾಗೇ ಇದ್ದವು. ಅವಕ್ಕೆ ಹಳೆಯ ಬಟ್ಟೆ ತುರುಕಿದ್ದರು. ಆ ತೂತು ತೆರೆಯುವುದು ಎಡಗಡೆ ಸೀಟಿನವರ ಕಾಲ ಬಳಿ.

ಇನ್ನು ಬಳೆ. ಮ್ಯಾನಿಫೋಲ್ಡ್ ಹಿಡಿದಿರುವ ಒಂದು ನಟ್ಟು ಸಡಿಲವಾಗಿತ್ತು. ಅದರ ಕೆಳಗಿನ ದಪ್ಪ ವಾಷರ್, ಹೊಗೆ ಚಿಮ್ಮಿದಾಗಲೆಲ್ಲ ಸ್ಟಡ್ಡಿಗೆ, ಅಂದರೆ ನಟ್ಟು ಕೂರುವ ತಿರುಪಿನ ಕಡ್ಡಿಗೆ, ಬಡಿದು ಕಿಣಿ ಎನ್ನುತ್ತಿತ್ತು. ಲೋಹ ಬಿಸಿಯಾಗಿ ಹಿಗ್ಗಿದರೆ ವಾಷರ್ ಬಿಗಿಯಾಗಿ ಸದ್ದು ನಿಲ್ಲುತ್ತದೆ, ಏರಿನಲ್ಲಿ ಹೊಗೆಯ ಒತ್ತಡ ಹೆಚ್ಚಾದರೆ ಮತ್ತೆ ಶುರುವಾಗುತ್ತದೆ. ಸದ್ದು ನಿಂತರೂ ಸೋರುವುದು ನಿಲ್ಲುವುದಿಲ್ಲ.

ನಾನು ಇದನ್ನೆಲ್ಲ ಮಲ್ಲಣ್ಣನವರಿಗೆ ತೋರಿಸಿದೆ. ಅವರು ಆಶ್ಚರ್ಯಪಡುತ್ತಾರೆ ಅಂದುಕೊಂಡಿದ್ದೆ. ಅವರು ವಾಷರನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಗೊತ್ತೈತ್ರಿ" ಎಂದರು. "ಅಕಿ ಸತ್ತ ವರ್ಷಾನ ಊರಾಗಿನ ಮಿಸ್ತ್ರಿ ಹೇಳಿದ್ದ, ಪ್ಯಾಕಿಂಗ್ ಹೋಗೈತಿ, ಆವಾಜ ಬರಾಕತ್ತೈತಿ, ಬಿಚ್ಚಲೇನು ಅಂತ. ನಾ ಬ್ಯಾಡ ಅಂದೆ. ಆವಾಜ ಇರಲಿ ಅಂದೆ."

ಅದು ವಿಷ ಎಂದು ಅವರಿಗೆ ತಿಳಿದಿರಲಿಲ್ಲ, ಅದನ್ನು ನಾನು ನಂಬುತ್ತೇನೆ. ಆದರೆ ಸದ್ದು ಎಲ್ಲಿಂದ ಬರುತ್ತದೆ ಎಂಬುದು ತಿಳಿದಿತ್ತು. ಮಗಳು ತಾಯಿಯೇ ಬಂದಳೆಂದು ನಡುಗುವಾಗಲೂ, ಅಕ್ಕ ಇಲ್ಲಸಲ್ಲದ ಕಥೆ ಕಟ್ಟುವಾಗಲೂ, ಇದು ನಟ್ಟಿನ ಸದ್ದು ಎಂದು ಅವರು ಬಾಯಿ ಬಿಟ್ಟಿರಲಿಲ್ಲ. ಹೇಳಿದರೆ ರಿಪೇರಿ ಮಾಡಿಸಬೇಕಾಗುತ್ತಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಗಿರಾಕಿ ಎಂಬುದನ್ನೂ ನೋಡಲಿಲ್ಲ.

"ಎರಡು ಜೀವ ಹೋಗತಿದ್ವು, ತಿಳೀತೇನ್ರಿ? ಹೋದಾಕಿ ಸಲುವಾಗಿ ಇದ್ದಾಕಿನ್ನ ಕಳಕೊಳ್ತಿದ್ರಿ!"

ಅವರು ತಲೆ ಎತ್ತಲಿಲ್ಲ. ಕೈಗೆ ಹತ್ತಿದ ಮಸಿಯನ್ನು ಧೋತರಕ್ಕೆ ಒರೆಸಿಕೊಂಡು, ತಾವಾಗಿಯೇ ಬೇವಿನ ಮರದ ಕಡೆ ನಡೆದರು. ಮಗಳ ಮುಂದೆ ನೆಲದ ಮೇಲೆ ಕೂತರು. ಬಜಾರದಲ್ಲಿ ನಾಲ್ಕು ಜನ ಎದ್ದು ನಿಂತು ಮಾತಾಡಿಸುವ ಮನುಷ್ಯ, ಮಣ್ಣಿನಲ್ಲಿ ಕೂತರು.

"ಯವ್ವಾ, ನಿಮ್ಮವ್ವ ಏನೂ ಕೇಳಾಕತ್ತಿಲ್ಲ. ಅದು ಇಂಜಿನ್ನಿನ ಆವಾಜ. ನನಗ ಮೊದಲ ಗೊತ್ತಿತ್ತು. ನಾನ ಇರಲಿ ಅಂತ ಬಿಟ್ಟಿದ್ದೆ. ಅಕಿ ಮ್ಯಾಲ ತಪ್ಪು ಹೊರಸಬ್ಯಾಡ."

ಭಾಗ್ಯ ಅಪ್ಪನನ್ನು ಬಯ್ಯಲಿಲ್ಲ. ಹೇಳಿದ್ದು ಒಂದೇ ಮಾತು.

"ಅವ್ವನ ಫೋಟೋ ಗ್ವಾಡಿ ಕಡೆ ಮಾರಿ ಮಾಡಿ ಇಟ್ಟೀನಿ ಅಪ್ಪಾ."

ಹೇಳಿ ಬಿಕ್ಕಿಬಿಕ್ಕಿ ಅತ್ತಳು. ನಾನು ನಟ್ಟು ಬಿಚ್ಚುವ ಪಾನಾ ಹುಡುಕುವ ನೆವದಲ್ಲಿ ಒಳಗೆ ಹೋದೆ.

ತಡ ಮಾಡದೆ ಇಬ್ಬರನ್ನೂ ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಕಳಿಸಿದೆ. ಏನಾಗಿದೆ ಎಂಬುದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಬೇಕು ಎಂದು ತಾಕೀತು ಮಾಡಿದೆ. ಅವರು ಹಿಂದಿರುಗುವ ತನಕ ಒಂದು ಸ್ಕ್ರೂ ತಿರುಗಿಸಲೂ ನನಗೆ ಮನಸ್ಸಾಗಲಿಲ್ಲ. ಸಂಜೆ ಆಟೋ ಬಂದು ನಿಂತಾಗ ಭಾಗ್ಯಳ ಮುಖ ನೋಡಿಯೇ ತಿಳಿಯಿತು. ಕೂಸಿನ ಎದೆಬಡಿತ ಚೆನ್ನಾಗಿತ್ತು. ಕಾರು ಹತ್ತುವುದನ್ನು ಅವಳು ಹೆದರಿ ಬಿಟ್ಟದ್ದೇ ಕೂಸನ್ನು ಉಳಿಸಿತ್ತು. ತಾಯಿ ಕೂಸನ್ನು ಕೇಳುತ್ತಿದ್ದಾಳೆ ಎಂಬ ಹೆದರಿಕೆ ಕೂಸನ್ನು ಕಾಯ್ದಿತು ಎಂದು ಆಗ ಅನ್ನಿಸಿತು. ಈಗಲೂ ಅದನ್ನು ಯೋಚಿಸಿದರೆ ನನಗೆ ಬಗೆಹರಿಯುವುದಿಲ್ಲ.

ಹೊರಡುವಾಗ ಮಲ್ಲಣ್ಣ, "ನಾಳಿ ಮುಂಜಾನಿ ಬಿಚ್ಚರಿ. ಬಿಚ್ಚೂಕಿಂತ ಮೊದಲ ಒಂದ್ಸಲ ಚಾಲೂ ಮಾಡ್ತೀನಿ" ಎಂದರು. ಆಗಲಿ ಎಂದೆ. ಭಾಗ್ಯ ತಾನೂ ಬರುವೆನೆಂದಳು.

ಮರುದಿನ ಬೆಳಿಗ್ಗೆ ಕಾರನ್ನು ಅಂಗಳದ ನಡುವೆ, ಗಾಳಿ ಹಾಯುವ ಕಡೆ ತಳ್ಳಿ ನಿಲ್ಲಿಸಿದೆ. ನಾಲ್ಕೂ ಬಾಗಿಲು ತೆರೆದೆ, ಬಾನೆಟ್ ಎತ್ತಿದೆ. ಒಳಗೆ ಯಾರೂ ಕೂರಬಾರದು ಎಂದು ಮೊದಲೇ ಹೇಳಿದ್ದೆ. ಮಲ್ಲಣ್ಣ ಹೊರಗೆ ನಿಂತೇ ಕೈಚಾಚಿ ಕೀಲಿ ತಿರುಗಿಸಿ, ಹಿಂದೆ ಸರಿದು ಮಗಳ ಪಕ್ಕ ನಿಂತರು. ಚಳಿಗೆ ಲೋಹ ತಣ್ಣಗಿತ್ತು. ಬಳೆ ಸ್ಪಷ್ಟವಾಗಿ ಕಿಣಿ ಕಿಣಿ ಎಂದಿತು. ಹೊಗೆಯ ಅಮಲಿಲ್ಲದೆ, ತೆರೆದ ಗಾಳಿಯಲ್ಲಿ, ತಲೆ ನೆಟ್ಟಗಿರುವಾಗ ಕೇಳಿದರೂ ಅದು ಬಳೆಯ ಸದ್ದೇ. ವಾಷರ್ ಎಂದು ಗೊತ್ತಿದ್ದ ನನಗೂ ಅದು ವಾಷರಿನ ಸದ್ದಾಗಿ ಕೇಳಲಿಲ್ಲ.

ಭಾಗ್ಯ ಒಂದು ಹೆಜ್ಜೆ ಮುಂದೆ ಬಂದಳು. ಆ ಕಾರಿನ ಕಡೆ ಅವಳು ನಡೆದು ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅವ್ವ ರೊಟ್ಟಿ ಬಡಿಯೂಮುಂದ ಹಿಂಗ ಕೇಳ್ತಿತ್ತಲ್ಲಪ್ಪಾ" ಎಂದಳು.

ಮಲ್ಲಣ್ಣ ಹೂಂ ಎಂದರು.

ಮೂವರೂ ನಿಂತು ಕೇಳಿದೆವು. ಯಾರೂ ಸ್ವಿಚ್ ಆಫ್ ಮಾಡಲು ಹೋಗಲಿಲ್ಲ. ಇಂಜಿನ್ ಬಿಸಿಯಾಗುತ್ತ ಬಂದಂತೆ ಸದ್ದು ಸಣ್ಣಗಾಯಿತು, ಮಧ್ಯೆ ಮಧ್ಯೆ ತಪ್ಪಿತು, ಒಂದು ಸಲ ಬಂತು, ಮತ್ತೊಂದು ಸಲ ಬಂತೋ ಇಲ್ಲವೋ ಎಂಬಂತೆ ಬಂತು. ಆಮೇಲೆ ಇಂಜಿನ್ ಮಾತ್ರ ಓಡುತ್ತಿತ್ತು. ಮಲ್ಲಣ್ಣ ಇನ್ನೂ ಸ್ವಲ್ಪ ಕಾದರು. ನಂತರ ಕೈಚಾಚಿ ಕೀಲಿ ತಿರುಗಿಸಿ ಬಂದ್ ಮಾಡಿ, "ಬಿಚ್ಚರಿ" ಎಂದರು.

ಮುಂದಿನದು ಬರೀ ಕೆಲಸ. ಇಂಜಿನ್ ಪೂರ್ತಿ ತಣ್ಣಗಾಗಲು ಬಿಟ್ಟೆ. ಬಿಸಿ ಇರುವಾಗ ನಟ್ಟಿಗೆ ಪಾನಾ ಹಾಕಿದರೆ ಸ್ಟಡ್ ಮುರಿದು ಒಳಗೇ ಉಳಿಯುತ್ತದೆ, ಆಮೇಲೆ ಅದನ್ನು ಕೊರೆದು ತೆಗೆಯುವ ಹಣೆಬರಹ. ತುಕ್ಕು ಬಿಡಿಸುವ ಎಣ್ಣೆ ಹಾಕ್ಕೊಂಡು ಸಾವಕಾಶ ಮಾಡಿದೆ. ಕಾರ್ಬುರೇಟರ್ ತೆಗೆದು, ಮ್ಯಾನಿಫೋಲ್ಡ್ ಇಳಿಸಿದರೆ ಒಳಗಿನ ಪ್ಯಾಕಿಂಗ್ ಹಿಂದಿನ ತುದಿಯಲ್ಲಿ ಸುಟ್ಟು ಪುಡಿಯಾಗಿತ್ತು. ಅದಕ್ಕೆ ಯಾರೋ ಮಹಾಶಯರು ಸಿಮೆಂಟು ಮೆತ್ತಿದ ಹಾಗೆ ಪೇಸ್ಟ್ ಮೆತ್ತಿದ್ದರು. ಪೇಸ್ಟಿನಿಂದ ಗಾಡಿ ರಿಪೇರಿ ಆಗುವ ಹಾಗಿದ್ದರೆ ನಾವೆಲ್ಲ ಬಣ್ಣ ಬಳಿಯುವವರಾಗಿ ಬದುಕಬಹುದಿತ್ತು.

ಮ್ಯಾನಿಫೋಲ್ಡಿನ ಮುಖದ ಮೇಲೆ ಉಕ್ಕಿನ ಪಟ್ಟಿ ಇಟ್ಟು ನೋಡಿದೆ. ಹಿಂದಿನ ತುದಿಯಲ್ಲಿ ಬೆಳಕು ತೂರಿ ಕಂಡಿತು. ಅಂದರೆ ವರ್ಷಗಳ ಬಿಸಿಗೆ ಬೀಡು ಸೊಟ್ಟಗಾಗಿತ್ತು. ಹೀಗಿದ್ದರೆ ಎಂಥ ಹೊಸ ಪ್ಯಾಕಿಂಗ್ ಹಾಕಿದರೂ ಮತ್ತೆ ಸುಡುತ್ತದೆ. ಅದನ್ನು ಯಾದಗಿರಿಯ ಲೇತ್ ಅಂಗಡಿಗೆ ಒಯ್ದು ಮುಖ ಸಮ ಮಾಡಿಸಿದೆ. ಸರಿಯಾದ ಪ್ಯಾಕಿಂಗ್ ನಮ್ಮ ಕಡೆ ಸಿಗಲಿಲ್ಲ, ಹೈದರಾಬಾದಿನಿಂದ ಬಸ್ ಪಾರ್ಸೆಲ್ ತರಿಸಿದೆ. ಸ್ಟಡ್ಡು, ನಟ್ಟು, ವಾಷರ್ ಎಲ್ಲ ಹೊಸವು. ಪೇಸ್ಟ್ ಮುಟ್ಟದೆ ಒಣ ಪ್ಯಾಕಿಂಗ್ ಕೂರಿಸಿ, ನಡುವಿನ ನಟ್ಟುಗಳಿಂದ ಶುರುಮಾಡಿ ಅಂಚಿನ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಗಿದೆ. ಒಮ್ಮೆ ಬಿಸಿ ಮಾಡಿ, ತಣ್ಣಗಾದ ಮೇಲೆ ಮತ್ತೊಮ್ಮೆ ಬಿಗಿದೆ. ಇದನ್ನು ಮರೆತವರ ಗಾಡಿ ತಿಂಗಳಲ್ಲಿ ವಾಪಸ್ ಬರುತ್ತದೆ. ತಗಡಿನ ತೂತುಗಳಿಗೆ ಹೊಸ ತಗಡು, ರಬ್ಬರು ಕೂರಿಸಿ ಮುಚ್ಚಿದೆ.

ಹಳೆಯ ವಾಷರ್ ಕೈಯಲ್ಲಿ ಹಿಡಿದು ನೋಡಿದೆ. ಬಡಿದೂ ಬಡಿದೂ ಅದರ ಒಳ ಅಂಚು ಬೆಳ್ಳಿಯಂತೆ ಹೊಳೆಯುತ್ತಿತ್ತು. ಮಲ್ಲಣ್ಣನವರಿಗೆ ಬೇಕೇನು ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದರು. ಕಸಕ್ಕೆ ಎಸೆಯಲು ನನಗೆ ಕೈ ಬರಲಿಲ್ಲ. ಈಗಲೂ ನಟ್ಟುಗಳ ಡಬ್ಬಿಯಲ್ಲಿ ಇದೆ.

ಗಾಡಿ ಒಪ್ಪಿಸುವ ದಿನ ಅವರೊಬ್ಬರೇ ಬಂದಿದ್ದರು. ಮೊದಲು ನಾನೇ ಕಿಟಕಿ ಮುಚ್ಚಿಕೊಂಡು ಹತ್ತಿಗೂಡೂರಿನ ತನಕ ಹೋಗಿ ಬಂದಿದ್ದೆ. ತಲೆ ಹಗುರಾಗಿತ್ತು, ಕಾಲ ಬಳಿ ತಣ್ಣಗಿತ್ತು, ಸೇತುವೆಯ ಬಳಿ ಬೇಕೆಂದೇ ನಿಧಾನ ಮಾಡಿದೆ. ಯಾರೂ ಕರೆಯಲಿಲ್ಲ. ಸಂತೋಷವಾಗಬೇಕಿತ್ತು. ನಿಜ ಹೇಳುತ್ತೇನೆ, ನನಗೆ ಉಸ್ತಾದರು ಇನ್ನೊಂದು ಸಲ ಸತ್ತಂತಾಯಿತು. ಮಲ್ಲಣ್ಣನವರ ಮೇಲೆ ಅಂದು ಬಂದಿದ್ದ ಸಿಟ್ಟು ತನ್ನಿಂತಾನೇ ಇಳಿಯಿತು. ಒಂದೇ ಒಂದು ಸಲ ಕೇಳಿದ ದನಿಗೆ ನನಗೆ ಹೀಗಾದರೆ, ದಿನಾ ಬೆಳಿಗ್ಗೆ ಕೇಳುತ್ತಿದ್ದ ಮನುಷ್ಯನಿಗೆ ಹೇಗಾಗಿರಬೇಡ.

ಅವರು ಕೂತು ಸ್ಟಾರ್ಟ್ ಮಾಡಿದರು. ಇಂಜಿನ್ ಮೆತ್ತಗೆ ಓಡಿತು. ಎಡಗಡೆ ಸೀಟಿನ ಕಡೆ ನೋಡಿದರು.

"ಖಾಲಿ ಆತು ನೋಡ್ರಿ" ಎಂದರು.

"ಮಗಳು ಕೂಡತಾಳ್ರಿ" ಎಂದೆ. ಅವರು ತಲೆಯಾಡಿಸಿ ಹೊರಟರು. ಹೋಗುವಾಗ ನಾಲ್ಕೂ ಕಿಟಕಿ ಇಳಿದಿದ್ದವು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಗಾಡಿಯೊಳಗೆ ತಲೆ ಭಾರವಾದರೆ ಮೊದಲು ಕಿಟಕಿ ಇಳಿಸಿ, ಆಮೇಲೆ ಉಳಿದ ಮಾತು. ಊದುಬತ್ತಿ, ಲೋಬಾನ, ಅತ್ತರು, ಯಾವುದರಿಂದಲೂ ಗಾಡಿಯ ವಾಸನೆ ಮುಚ್ಚಬೇಡಿ, ಅದು ನಿಮಗೆ ಏನನ್ನೋ ಹೇಳುತ್ತಿರುತ್ತದೆ. ಇದು ಓದುಗರಿಗೆ. ನನಗೆ ನಾನು ಹೇಳಿಕೊಂಡದ್ದು ಬೇರೆ. ಗಾಡಿಯ ಸದ್ದು ನಿಲ್ಲಿಸುವುದು ನನ್ನ ಕೆಲಸ, ಅದನ್ನು ಇಷ್ಟು ವರ್ಷ ಮಾಡಿದೆ. ಈಗ ಪಾನಾ ಎತ್ತುವ ಮೊದಲು ಮಾಲೀಕರನ್ನು, ಈ ಸದ್ದು ನಿಮಗೆ ಹೇಗೆ ಕೇಳುತ್ತದೆ ಎಂದು ಕೇಳುತ್ತೇನೆ. ಹೆಚ್ಚಿನವರು ನನ್ನನ್ನು ಹುಚ್ಚನಂತೆ ನೋಡುತ್ತಾರೆ. ಒಬ್ಬಿಬ್ಬರು ಮಾತ್ರ ಸುಮ್ಮನಾಗುತ್ತಾರೆ. ಅವರ ಗಾಡಿಯನ್ನು ಬಿಚ್ಚುವ ಮೊದಲು ಒಂದು ಸಲ ಅವರ ಕೈಯಿಂದಲೇ ಸ್ಟಾರ್ಟ್ ಮಾಡಿಸುತ್ತೇನೆ.

ಮುಂದಿನ ಚಳಿಗಾಲದಲ್ಲಿ ಮಲ್ಲಣ್ಣ ಎಣ್ಣೆ ಬದಲಿಸಲು ಬಂದರು. ಎಡಗಡೆ ಸೀಟಿನಲ್ಲಿ ಭಾಗ್ಯ, ಅವಳ ತೊಡೆಯ ಮೇಲೆ ಗುಂಗುರು ಕೂದಲಿನ ಹೆಣ್ಣುಕೂಸು. ಹೆಸರೇನು ಎಂದೆ. ನೀಲಾ ಎಂದಳು. ಕೆಲಸ ಮುಗಿದು ಹೊರಡುವಾಗ ಮಲ್ಲಣ್ಣ ಕೀಲಿ ತಿರುಗಿಸಿದರು, ಆದರೆ ಗೇರ್ ಹಾಕಲಿಲ್ಲ. ತಲೆಯನ್ನು ಎಡಕ್ಕೆ ಸ್ವಲ್ಪ ವಾಲಿಸಿ ಕಾದರು. ಭಾಗ್ಯಳಿಗೆ ಅದು ರೂಢಿಯಾಗಿತ್ತು ಎಂದು ಕಾಣುತ್ತದೆ. ಅವಳು ಕೂಸಿನ ಕೈ ಹಿಡಿದು, ಸದ್ದು ಮಾಡದಂತೆ ಸುಮ್ಮನೆ ಕೂತಳು.

ಅಷ್ಟು ಹೊತ್ತು ನಿಂತ ಇಂಜಿನ್ ಚಳಿಗೆ ತಣ್ಣಗಾಗಿತ್ತು. ನಾನೂ ಬಾನೆಟ್ಟಿನ ಹತ್ತಿರ ಬಗ್ಗಿ ಕಿವಿಗೊಟ್ಟೆ. ಏನೂ ಕೇಳಲಿಲ್ಲ. ಪ್ಯಾಕಿಂಗ್ ಚೆನ್ನಾಗಿ ಕೂತಿತ್ತು.